ಘಟಕದ ಉಡುಪು ಘಟಕದೊಡನೆಯೇ ಇರಲಿ

ಕಳೆದ ವರ್ಷ ನಮ್ಮ ಪದವಿ ತರಗತಿಯ ನಾಲ್ವರು ವಿದ್ಯಾರ್ಥಿಗಳು ಭೌತಶಾಸ್ತ್ರ ಪ್ರಯೋಗಶಾಲೆಯ ವಾಚನಗಳನ್ನು ದಾಖಲಿಸುವ ಸಲುವಾಗಿ ಒಂದು ಜಾಲತಾಣವನ್ನು ಕಟ್ಟಿದರು. ವಾಚನಗಳ ಕೋಷ್ಟಕ ಒಬ್ಬನ ಪಾಲಿಗೂ ಗ್ರಾಫ್ ಒಬ್ಬಳ ಪಾಲಿಗೂ ಬಂದಿತ್ತು. ಮಿತಿಮೀರಿದ ವಾಚನವು ಕೋಷ್ಟಕದಲ್ಲಿ ಕೆಂಪಕ್ಷರದಿಂದ ಕಾಣುವಂತೆ ಏರ್ಪಾಡಾಗಿತ್ತು. ಪ್ರದರ್ಶನದ ಹಿಂದಿನ ರಾತ್ರಿ ಗ್ರಾಫಿನ ಬಣ್ಣವನ್ನು ತಿದ್ದಿದಾಗ ಕೋಷ್ಟಕದ ಕೆಂಪು ಮಾಯವಾಯಿತು. ಇಬ್ಬರೂ ತಮ್ಮ ತಮ್ಮ ನಿಯಮಕ್ಕೆ 'ಎರರ್' ಎಂಬ ಒಂದೇ ಹೆಸರನ್ನು ಇಟ್ಟಿದ್ದರು. ನಾಲ್ವರ ನಿಯಮಗಳೂ ಒಂದೇ ದೊಡ್ಡ ಕಡತದಲ್ಲಿದ್ದವು. ಮರುದಿನ ತಪ್ಪು ವಾಚನಗಳು ಸಾಧುಗಳಂತೆ ಕಪ್ಪಾಗಿ ಕುಳಿತಿದ್ದವು. ಅವುಗಳ ಕೆಳಗೆ ಸಹಿ ಹಾಕಿದವರು ನಾವೇ.

ಜಾಲಪುಟದ ಅಕ್ಷರ, ಬಣ್ಣ, ಅಂಚುಗಳನ್ನು ವಿಧಿಸುವ ಕಡತಕ್ಕೆ ಸ್ಟೈಲ್‌ಶೀಟ್, ಅಂದರೆ ಶೈಲಿಪತ್ರ ಎಂದು ಹೆಸರು. ಇದರ ಮೂಲವು ಭೌತಶಾಸ್ತ್ರಜ್ಞರ ಮನೆಯಲ್ಲೇ ಇದೆಯೆಂಬುದು ನಮಗೆ ಸಂತೋಷದ ಸಂಗತಿ. ಜಿನೀವಾದ ಬಳಿಯ ಸರ್ನ್ ಸಂಸ್ಥೆಯಲ್ಲಿದ್ದ ಹೋಕನ್ ವಿಯುಮ್ ಲೀ ಎಂಬವರು 1994ರ ಅಕ್ಟೋಬರಿನಲ್ಲಿ ಸಿ.ಎಸ್.ಎಸ್. ಎಂಬ ಈ ಪದ್ಧತಿಯನ್ನು ಸೂಚಿಸಿದರು. 1996ರ ಡಿಸೆಂಬರಿನಲ್ಲಿ ಅದಕ್ಕೆ ಅಧಿಕೃತ ಮನ್ನಣೆ ದೊರೆಯಿತು. ಆಗ ಪುಟವೆಂದರೆ ಬಹುಮಟ್ಟಿಗೆ ಒಂದು ಲೇಖನ; ಲೇಖನಕ್ಕೆ ಒಂದು ಶೈಲಿಪತ್ರ ಸಾಕಾಗುತ್ತಿತ್ತು. ಇಂದಿನ ಪುಟವಾದರೋ ಹಲವರು ಬೇರೆ ಬೇರೆಯಾಗಿ ರಚಿಸಿದ ಘಟಕಗಳ ಜೋಡಣೆ.

ಇಂಥ ಜೋಡಣೆಗಾಗಿಯೇ ಹುಟ್ಟಿದ್ದು ವಿಕೆಟ್. ಹೆಸರು ಕೇಳಿದೊಡನೆ ತರುಣ ವಾಚಕರ ಮನಸ್ಸು ಮೈದಾನಕ್ಕೆ ಓಡಬಾರದು. ಇದು ಜಾವಾ ಭಾಷೆಯಲ್ಲಿ ಜಾಲತಾಣಗಳನ್ನು ಕಟ್ಟಲು ಬಳಸುವ ಒಂದು ಚೌಕಟ್ಟು. 2004ರಲ್ಲಿ ಜೊನಾಥನ್ ಲಾಕ್ ಇದನ್ನು ಆರಂಭಿಸಿದರು. 2007ರಲ್ಲಿ ಇದು ಅಪಾಚೆ ಪ್ರತಿಷ್ಠಾನದ ಪೂರ್ಣ ಯೋಜನೆಯಾಯಿತು. ಇದರಲ್ಲಿ ಪ್ಯಾನೆಲ್ ಎಂಬ ಘಟಕಕ್ಕೆ ಒಂದು ಜಾವಾ ಕಡತ, ಅದೇ ಹೆಸರಿನ ಒಂದು ಎಚ್.ಟಿ.ಎಂ.ಎಲ್. ಕಡತ, ಎರಡೂ ಅಕ್ಕಪಕ್ಕದಲ್ಲಿರುತ್ತವೆ. ಮೂರನೆಯದಾಗಿ ಆ ಘಟಕದ ಶೈಲಿಪತ್ರವನ್ನೂ ಅಲ್ಲಿಯೇ ಇರಿಸಬಹುದು. 'ರೆಂಡರ್‌ಹೆಡ್' ಎಂಬ ವಿಧಾನದಲ್ಲಿ ಘಟಕವು ತನಗೆ ಬೇಕಾದ ಶೈಲಿಪತ್ರ ಯಾವುದೆಂದು ತಿಳಿಸಿದರೆ, ಚೌಕಟ್ಟು ಅದನ್ನು ಪುಟದ ಶಿರೋಭಾಗಕ್ಕೆ ತಾನೇ ಸೇರಿಸುತ್ತದೆ. ಒಂದು ಪುಟದಲ್ಲಿ ಅದೇ ಘಟಕವು ಹತ್ತು ಬಾರಿ ಬಂದರೂ ಶೈಲಿಪತ್ರದ ಉಲ್ಲೇಖ ಒಂದೇ ಬಾರಿ ಬರುತ್ತದೆ. ಘಟಕವಿಲ್ಲದ ಪುಟಕ್ಕೆ ಅದರ ಹೊರೆಯೂ ಇಲ್ಲ.

ಹೀಗೆಯೇ ಮಾಡತಕ್ಕದ್ದೆಂಬುದು ನಮ್ಮ ಮತ. ಪ್ರಯೋಗಶಾಲೆಯಲ್ಲಿ ಪ್ರತಿಯೊಂದು ಸ್ಕ್ರೂ ಗೇಜಿನ ಶೂನ್ಯದೋಷವನ್ನು ಬರೆದ ಚೀಟಿ ಅದರ ಪೆಟ್ಟಿಗೆಯಲ್ಲಿಯೇ ಇರಬೇಕು. ಎಲ್ಲ ಚೀಟಿಗಳನ್ನೂ ಒಂದು ಡಬ್ಬಿಯಲ್ಲಿ ತುಂಬಿದರೆ ಉಪಕರಣ ಒಡೆದು ಹೋದರೂ ಚೀಟಿ ಉಳಿಯುತ್ತದೆ. ಅದನ್ನು ಎಸೆಯಲು ಯಾರಿಗೂ ಧೈರ್ಯ ಬಾರದು. ಒಂದೇ ದೊಡ್ಡ ಶೈಲಿಪತ್ರದ ಗತಿಯೂ ಇದೇ.

ಸಣ್ಣ ಕಡತಗಳು ಹೆಚ್ಚಿದರೆ ಪುಟ ನಿಧಾನವಾಗುವುದೆಂದು ಕೆಲವರು ಆಕ್ಷೇಪಿಸುತ್ತಾರೆ. ಹಲವು ಶೈಲಿಪತ್ರಗಳನ್ನು ಒಂದೇ ಕಡತವಾಗಿ ಕಟ್ಟಿ ಕಳುಹಿಸುವ ಸೌಲಭ್ಯ ವಿಕೆಟ್ಟಿನಲ್ಲಿಯೇ ಇರುವುದರಿಂದ ಈ ಆಕ್ಷೇಪಣೆಯಲ್ಲಿ ಹುರುಳಿಲ್ಲ. ತಾಣದ ಏಕರೂಪತೆ ಕೆಡುವುದೆಂಬ ಮಾತು ಹೆಚ್ಚು ತೂಕವುಳ್ಳದ್ದು. ಅಕ್ಷರದ ಆಕಾರ, ಮುಖ್ಯ ಬಣ್ಣಗಳಂತಹ ಸಾಮಾನ್ಯ ನಿಯಮಗಳಿಗೆ ಒಂದು ಸಾಮಾನ್ಯ ಕಡತ ಇರಲೇಬೇಕು. ಘಟಕದ ಶೈಲಿಪತ್ರವು ಅದನ್ನು ಅವಲಂಬಿಸಿದೆಯೆಂದು ಸ್ಪಷ್ಟವಾಗಿ ನಮೂದಿಸಿದರೆ ಚೌಕಟ್ಟು ಅದನ್ನೇ ಮೊದಲು ತರುತ್ತದೆ.

ಆದರೆ ಒಂದು ಭ್ರಮೆ ಬೇಡ. ಚೌಕಟ್ಟು ಶೈಲಿಪತ್ರವನ್ನು ತಂದುಕೊಡುತ್ತದೆಯೇ ಹೊರತು ಅದಕ್ಕೆ ಬೇಲಿ ಹಾಕುವುದಿಲ್ಲ. ಪುಟಕ್ಕೆ ಬಂದ ನಿಯಮ ಇಡೀ ಪುಟಕ್ಕೇ ಅನ್ವಯಿಸುತ್ತದೆ; ಸಮಬಲದ ಎರಡು ನಿಯಮಗಳಲ್ಲಿ ನಂತರ ಬಂದದ್ದು ಗೆಲ್ಲುತ್ತದೆ. ನಮ್ಮ ವಿದ್ಯಾರ್ಥಿಗಳು ಕಡತಗಳನ್ನು ಬೇರೆ ಮಾಡಿಯೂ 'ಎರರ್' ಎಂಬ ಹೆಸರನ್ನು ಹಾಗೆಯೇ ಬಿಟ್ಟಿದ್ದರೆ ಕೆಂಪು ಮತ್ತೆ ಮಾಯವಾಗುತ್ತಿತ್ತು. ಆದಕಾರಣ ಘಟಕದ ಹೊರಕವಚಕ್ಕೆ ಅದಕ್ಕೇ ಮೀಸಲಾದ ಒಂದು ಹೆಸರಿಟ್ಟು, ಅದರ ಶೈಲಿಪತ್ರದ ಪ್ರತಿಯೊಂದು ನಿಯಮವನ್ನೂ ಆ ಹೆಸರಿನಿಂದಲೇ ಆರಂಭಿಸಬೇಕು. ಇದು ಬರೆಯುವವನ ಹೊಣೆ. ಯಂತ್ರ ಇದನ್ನು ಹೊರುವುದಿಲ್ಲ.

ಈ ವರ್ಷದಿಂದ ಅಂಕ ಕೊಡುವ ಮುನ್ನ ನಾವು ಪ್ರತಿಯೊಂದು ಘಟಕವನ್ನೂ ಮೊದಲು ಒಂದು ಖಾಲಿ ಪುಟದಲ್ಲಿಟ್ಟು, ಅನಂತರ ಇತರ ಘಟಕಗಳೊಡನೆ ಇಟ್ಟು ನೋಡುತ್ತಿದ್ದೇವೆ. ತಿದ್ದಿ ತಂದ ಆ ಹಳೆಯ ಕೋಷ್ಟಕ ಖಾಲಿ ಪುಟದಲ್ಲಿ ಮೊದಲ ಸಲ ಬರಿಮೈಯಲ್ಲಿ ನಿಂತಿತು. ತಾಣವನ್ನು ಕಟ್ಟುವ ಮೇವನ್ ಎಂಬ ಸಾಧನವು ಜಾವಾ ಕಡತಗಳ ಪಕ್ಕದಲ್ಲಿರುವ ಶೈಲಿಪತ್ರವನ್ನು ತಾನಾಗಿ ನಕಲು ಮಾಡುವುದಿಲ್ಲ. ಹಾಗೆ ಮಾಡೆಂದು ಅದಕ್ಕೆ ಹೇಳಲು ಹುಡುಗ ಮರೆತಿದ್ದ. ಎರಡನೆಯ ಸಲ ಮೂರು ವಾಚನಗಳು ಕೆಂಪಾಗಿ ಕಂಡವು. ಅವುಗಳಲ್ಲಿ ಎರಡಕ್ಕೆ ಕಳೆದ ವರ್ಷದ ನಮ್ಮ ಸಹಿಯಿತ್ತು.