ತೋಟದ ಮನೆಯ ಗೊಬ್ಬರದ ಕಕ್ಕಸಿಗೆ ಗಾಳಿಕೊಳವೆ

2014ರಲ್ಲಿ ಸ್ವಚ್ಛ ಭಾರತ ಯೋಜನೆಯು ಆರಂಭವಾದಂದಿನಿಂದ ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ರೈತರು ಎರಡು ಗುಂಡಿಯ ಕಕ್ಕಸನ್ನು ಬಲ್ಲರು. ಅದಕ್ಕೆ ಗಾಳಿಕೊಳವೆ ಬೇಡ. ಹವೆಯು ಮಣ್ಣಿಗೆ ಸೇರುವುದು, ವಾಸನೆಯನ್ನು ನೀರೇ ತಡೆಯುವುದು. ನೀರೂ ವಿದ್ಯುಚ್ಛಕ್ತಿಯೂ ಇಲ್ಲದ ತೋಟದ ಮನೆಯಲ್ಲಿ ಬೂದಿ, ತರಗು ಹಾಕತಕ್ಕ ಒಣ ಕಕ್ಕಸಿಗೂ ಇದೇ ನ್ಯಾಯವನ್ನು ಹಚ್ಚುವುದು ಸರಿಯಲ್ಲವೆಂದು ನನ್ನ ಅಭಿಪ್ರಾಯ. ಇದಕ್ಕೆ ಆರಂಗುಲದ ಕೊಳವೆಯು ಎಲ್ಲಿಯೂ ಬಾಗದೆ, ಮಾಡಿಗಿಂತ ಒಂದೂವರೆ ಅಡಿಯಾದರೂ ಮೇಲೆ ನಿಲ್ಲತಕ್ಕದ್ದು. ಬೀಸುವ ಗಾಳಿಯೇ ದುರ್ವಾಸನೆಯನ್ನು ಸೆಳೆಯುವುದು, ಪಂಖವೇತಕ್ಕೆ? ತುದಿಗೆ ಸಣ್ಣ ಕಣ್ಣಿನ ಜಾಲರಿ ಕಟ್ಟಿ ಕೋಣೆಯನ್ನು ಮಬ್ಬಾಗಿಟ್ಟರೆ, ಬೆಳಕನ್ನರಸಿ ಏರಿದ ನೊಣಗಳು ಅಲ್ಲಿಯೇ ಸಿಕ್ಕಿ ಸಾಯುವುವು. ನಾರುವ ಕಕ್ಕಸಿಗೆ ಹೆಂಗಸರು ಮಕ್ಕಳು ಹೋಗರು. ಬಯಲೇ ಗತಿಯಾಗುವುದು, ಗೊಬ್ಬರವೂ ನಷ್ಟವಾಗುವುದು. ತುಂಬಿದ ಗುಂಡಿಯನ್ನು ಎರಡು ವರ್ಷ ಮುಚ್ಚಿಟ್ಟು, ಗೊಬ್ಬರವನ್ನು ತೆಂಗಿನ ಪಾತಿಗೆ ಹಾಕಬಹುದು. ಆಲೂಗೆಡ್ಡೆಯ ಹೊಲಕ್ಕೆ ನಾನಂತೂ ಒಪ್ಪೆನು.