ಸಕ್ಕರೆಯ ಜೊತೆ ಮನಸ್ಸನ್ನೂ ವಿಚಾರಿಸಲಿ

ಐಸಿಎಂಆರ್ ನೆರವಿನ ಅಧ್ಯಯನ 2023ರಲ್ಲಿ ಅಂದಾಜಿಸಿದಂತೆ ದೇಶದ 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆಯಿದೆ. ಬೆಂಗಳೂರಿನ ಹೊರಮಾವಿನಿಂದ ಹೊರವರ್ತುಲ ರಸ್ತೆಯ ದಟ್ಟಣೆ ದಾಟಿ ದುಡಿದು ಬರುವ ಮಧುಮೇಹಿಗಳಿಗೆ ಮಾತ್ರೆ, ನಡಿಗೆ, ಊಟದ ಲೆಕ್ಕ ಒಂದು ದಿನವೂ ರಜೆಯಿಲ್ಲದ ಇನ್ನೊಂದು ಕೆಲಸ. ಮೂರು ತಿಂಗಳ ಸಕ್ಕರೆಯ ಸರಾಸರಿ ತೋರುವ ಎಚ್‌ಬಿಎ1ಸಿ ಏರಿದರೆ ಬಾಯಿ ಕಟ್ಟಿಲ್ಲವೆಂಬ ಗದರಿಕೆ ಸಿಗುತ್ತದೆ. ಮನಸ್ಸಿನ ದಣಿವನ್ನು ಕೇಳುವವರು ಕಡಿಮೆ. ಮಧುಮೇಹಿಗಳಲ್ಲಿ ಖಿನ್ನತೆ ಇತರರಿಗಿಂತ ಹೆಚ್ಚು, ಖಿನ್ನತೆಯಿದ್ದವರು ಔಷಧ ತಪ್ಪಿಸುವುದೂ ಹೆಚ್ಚು ಎಂದು ಅಧ್ಯಯನಗಳು ತೋರಿಸಿವೆ. ಪಥ್ಯ ಬೇಕೇ ಬೇಕು, ಆದರೆ ಸೋತ ಮನಸ್ಸು ಬೈಗುಳಕ್ಕೆ ಇನ್ನಷ್ಟು ಕುಗ್ಗುತ್ತದೆ. ವೈದ್ಯರಿಗೆ ಪುರುಸೊತ್ತಿಲ್ಲ ಎಂಬ ಆಕ್ಷೇಪ ನಿಜವೇ. ಹಾಗಿದ್ದರೆ ಬಿಪಿ ನೋಡುವ ನರ್ಸ್ ಮನಸ್ಸಿನ ಬಗ್ಗೆ ಎರಡು ಪ್ರಶ್ನೆ ಕೇಳಲಿ. ಅಗತ್ಯವಿದ್ದವರಿಗೆ 2022ರಿಂದ ಟೆಲಿ ಮಾನಸ್ ಉಚಿತ ಸಹಾಯವಾಣಿ ಇದೆ, ಕನ್ನಡದಲ್ಲೂ. ಸರ್ಕಾರದ ಪ್ರತಿ ‘ನಮ್ಮ ಕ್ಲಿನಿಕ್’ನ ಔಷಧ ಚೀಟಿಯಲ್ಲೂ ಅದರ ಸಂಖ್ಯೆ 14416 ಅಚ್ಚಾಗಲಿ.