ವಿಜ್ಞಾನೇಶ್ವರನ ಕಲ್ಯಾಣ, ಹುಮನಾಬಾದಿನ ನೀರು

ಬಸವಕಲ್ಯಾಣ ಎಂದೊಡನೆ ನಮಗೆ ನೆನಪಾಗುವುದು ಅನುಭವ ಮಂಟಪ ಮತ್ತು ಶರಣರು. ಅದಕ್ಕೂ ಕೆಲವು ದಶಕ ಹಿಂದೆ, ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ (1076–1126), ಇದೇ ಕಲ್ಯಾಣದಲ್ಲಿ ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರಾ’ ವ್ಯಾಖ್ಯಾನ ಬರೆದ. ವಕೀಲರು ಅದನ್ನು ಆಸ್ತಿ ಪಾಲಿನ ಗ್ರಂಥವೆಂದು ಬಲ್ಲರು. ನಾನಿಲ್ಲಿ ಎತ್ತಿಕೊಳ್ಳುವುದು ಅದರ ವ್ಯವಹಾರಾಧ್ಯಾಯದ ಎರಡು ವಿಚಾರಗಳನ್ನು. ರಾಜ ಮಾಡಿದ ಕಟ್ಟಳೆ ಧರ್ಮಕ್ಕೆ ವಿರೋಧವಾಗಿರದಿದ್ದರೆ ಪಾಲಿಸತಕ್ಕದ್ದು ಎನ್ನುತ್ತಾನೆ ವಿಜ್ಞಾನೇಶ್ವರ. ದಾರಿಹೋಕರಿಗೆ ಊಟ ಕೊಡಬೇಕು, ಶತ್ರುವಿನ ಸೀಮೆಗೆ ಕುದುರೆ ಕಳಿಸಬಾರದು ಎಂಬಂಥವು ಅವನು ಕೊಡುವ ಉದಾಹರಣೆಗಳು. ಹುಲ್ಲುಗಾವಲು, ನೀರು, ಗುಡಿ ಕಾಯಲು ಜನ ತಾವೇ ಮಾಡಿಕೊಂಡ ಕಟ್ಟುಪಾಡಿಗೂ ಅದೇ ಮಾನ್ಯತೆ, ಅದೇ ಷರತ್ತು. ಮತ್ತೊಂದು ವಿಚಾರ ಇನ್ನೂ ಗಟ್ಟಿಯದು: ಸಭೆಗೆ ನೇಮಕಗೊಂಡವರು ಇದ್ದದ್ದನ್ನು ಇದ್ದಂತೆ ಹೇಳಿದ ಮೇಲೂ ರಾಜ ಅಡ್ಡದಾರಿ ಹಿಡಿದರೆ ಅವನನ್ನು ತಡೆಯಬೇಕು, ತಡೆಯದಿದ್ದರೆ ದೋಷ ಅವರ ಮೇಲೂ ಬರುತ್ತದೆ.

ಆ ಧರ್ಮ ವರ್ಣಗಳ ಮೇಲುಕೀಳನ್ನು ಒಪ್ಪಿಕೊಂಡ ಧರ್ಮ. ಶರಣರು ಅದೇ ಊರಿನಲ್ಲಿ ನಿಂತು ಅದನ್ನು ಪ್ರಶ್ನಿಸಿದರು. ಇಂದು ಆ ಧರ್ಮದ ಜಾಗದಲ್ಲಿ ಸಂವಿಧಾನವಿದೆ. ರಾಜನ ಬದಲು ಮಂಡಳಿ, ಪ್ರಾಧಿಕಾರ, ಆಯೋಗಗಳಿವೆ. ಈ ಭಾಗದ ಕಬ್ಬು ಬೆಳೆಗಾರನ ಬದುಕನ್ನೇ ನೋಡಿ. ಹದಿನಾಲ್ಕು ದಿನದಲ್ಲಿ ಬಿಲ್ಲು ಕೊಡಬೇಕು, ತಡವಾದರೆ ವರ್ಷಕ್ಕೆ ಶೇಕಡಾ 15ರಂತೆ ಬಡ್ಡಿ ಸೇರಿಸಬೇಕು ಎಂಬ ನಿಯಮವನ್ನು ಸಂಸತ್ತು ಕಾಯ್ದೆಯಲ್ಲಿ ಬರೆದಿಲ್ಲ. 1955ರ ಅಗತ್ಯ ವಸ್ತುಗಳ ಕಾಯ್ದೆ ಕೊಟ್ಟ ಅಧಿಕಾರದಿಂದ ಕೇಂದ್ರ ಸರ್ಕಾರ ಹೊರಡಿಸಿದ 1966ರ ಕಬ್ಬು ನಿಯಂತ್ರಣ ಆದೇಶದಲ್ಲಿ ಅದಿದೆ. ಹೀಗೆ ಅಧಿಕಾರ ವಹಿಸಿಕೊಡಬಹುದು, ಆದರೆ ಕಾನೂನು ಮಾಡುವ ಮೂಲ ಕೆಲಸವನ್ನೇ ಶಾಸಕಾಂಗ ಬೇರೆಯವರ ಕೈಗೆ ಹಾಕಿ ಕೈತೊಳೆದುಕೊಳ್ಳುವಂತಿಲ್ಲ ಎಂಬುದು 1951ರ ದೆಹಲಿ ಕಾನೂನುಗಳ ಪ್ರಕರಣದಿಂದ ಸುಪ್ರೀಂ ಕೋರ್ಟಿನಲ್ಲಿ ನೆಲೆ ನಿಂತ ಮಾತು.

ಬಸವಕಲ್ಯಾಣದ ನೆರೆಯ ಹುಮನಾಬಾದಿಗೆ ಬರೋಣ. ಅಲ್ಲಿನ ಕೈಗಾರಿಕಾ ಪ್ರದೇಶದ ರಾಸಾಯನಿಕ ಘಟಕಗಳಿಂದ ಬರುವ ವಾಸನೆ ಮತ್ತು ಹೊಲಸು ನೀರಿನ ಬಗ್ಗೆ ಸುತ್ತಲಿನ ಊರಿನವರ ದೂರು ಹೊಸದಲ್ಲ. ದೂರು ಹೋಗುವುದು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೆ. ಮಂಡಳಿ ಹುಟ್ಟಿದ್ದು 1974ರ ಜಲ ಕಾಯ್ದೆಯಿಂದ. ನೀರು ರಾಜ್ಯಪಟ್ಟಿಯ ವಿಷಯ. ಅದರ ಮೇಲೆ ಸಂಸತ್ತು ಕಾಯ್ದೆ ಮಾಡಲು ಸಾಧ್ಯವಾದದ್ದು ಕರ್ನಾಟಕವೂ ಸೇರಿ ಹನ್ನೆರಡು ರಾಜ್ಯಗಳ ಶಾಸಕಾಂಗಗಳು ಸಂವಿಧಾನದ 252ನೆಯ ವಿಧಿಯಡಿ ನಿರ್ಣಯ ಮಾಡಿ ಕೇಳಿಕೊಂಡದ್ದರಿಂದ. ಹಾಗೆ ಒಮ್ಮೆ ಬಿಟ್ಟುಕೊಟ್ಟ ಮೇಲೆ ರಾಜ್ಯ ತಾನಾಗಿ ಅದನ್ನು ತಿದ್ದುವಂತಿಲ್ಲ. 2024ರಲ್ಲಿ ಸಂಸತ್ತು ತಿದ್ದಿತು: ಹಲವು ಅಪರಾಧಗಳಿಗೆ ಜೈಲಿನ ಬದಲು 10 ಸಾವಿರದಿಂದ 15 ಲಕ್ಷ ರೂಪಾಯಿವರೆಗೆ ದಂಡ ಬಂತು, ಕೆಲವು ಬಗೆಯ ಕೈಗಾರಿಕೆಗಳಿಗೆ ಪೂರ್ವಾನುಮತಿಯಿಂದ ವಿನಾಯಿತಿ ಕೊಡುವ ಅಧಿಕಾರ ಕೇಂದ್ರಕ್ಕೆ ಸಿಕ್ಕಿತು. ಇಂಥ ತಿದ್ದುಪಡಿಯನ್ನು ಒಂದು ರಾಜ್ಯ ಒಪ್ಪಬೇಕಾದರೆ ಅದರ ಸದನದಲ್ಲಿ ಮತ್ತೆ ನಿರ್ಣಯ ಆಗಬೇಕು. ಅಂಥ ನಿರ್ಣಯದ ದಿನ ಹುಮನಾಬಾದಿನ ಹಳ್ಳದ ನೀರು ಚರ್ಚೆಗೆ ಬರದಿದ್ದರೆ ಮತ್ತೆಂದು ಬರಬೇಕು?

ಮಂಡಳಿಯ ಅಧಿಕಾರದ ಮೇರೆ ಎಷ್ಟು ಸಣ್ಣ ಸಂಗತಿಗೂ ಇಳಿಯುತ್ತದೆ ಎಂಬುದನ್ನು ಈ ಕಾಯ್ದೆಯ 21ನೆಯ ಕಲಮಿನಲ್ಲಿ ಕಾಣಬಹುದು. ಅಧಿಕಾರಿ ಕಾರ್ಖಾನೆಯಿಂದ ಹರಿಯುವ ನೀರಿನ ಮಾದರಿ ತೆಗೆಯುವಾಗ ಅಲ್ಲಿಯೇ ಕಾರ್ಖಾನೆಯವರಿಗೆ ನೋಟಿಸ್ ಕೊಡಬೇಕು. ಅವರೆದುರೇ ನೀರನ್ನು ಎರಡು ಪಾಲು ಮಾಡಬೇಕು. ಬಾಟಲಿಗೆ ಸೀಲು ಹಾಕಬೇಕು, ಅದರ ಮೇಲೆ ಇಬ್ಬರ ರುಜು ಬೀಳಬೇಕು. ಈ ಕ್ರಮ ತಪ್ಪಿದರೆ ಪ್ರಯೋಗಾಲಯದ ವರದಿ ಏನೇ ಹೇಳಲಿ, ಕೋರ್ಟಿನಲ್ಲಿ ಅದು ಸಾಕ್ಷ್ಯವಲ್ಲ. ದನ ಬಾಯಿ ಹಾಕದ ನೀರಿನ ಮುಂದೆ ನಿಂತವನಿಗೆ ಇದು ಕಾರ್ಖಾನೆಯವರನ್ನು ಉಳಿಸುವ ಉಪಾಯ ಎನ್ನಿಸುವುದು ಸಹಜ. ನನ್ನ ಅಭಿಪ್ರಾಯ ಬೇರೆ. ಮೇರೆಯೊಳಗೆ ನಡೆದ ಕ್ರಮ ಮಾತ್ರ ಕೋರ್ಟಿನಲ್ಲಿ ನಿಲ್ಲುತ್ತದೆ. ಸೀಲಿಲ್ಲದ ಬಾಟಲಿ ತಂದ ಅಧಿಕಾರಿ ಎಷ್ಟೇ ಆವೇಶದಿಂದ ಬಂದಿದ್ದರೂ ಕೇಸನ್ನು ಕಾರ್ಖಾನೆಯ ಕೈಗೆ ಕೊಟ್ಟುಬಿಡುತ್ತಾನೆ.

2025ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಇನ್ನೊಂದು ರೀತಿಯಲ್ಲಿ ಹೇಳಿತು. ಮಾಲಿನ್ಯದಿಂದಾದ ಹಾನಿಗೆ ಮಂಡಳಿಗಳು ತಾವೇ ಪರಿಹಾರ ವಸೂಲು ಮಾಡಬಹುದೇ ಎಂಬುದು ದೆಹಲಿಯ ಲೋಧಿ ಪ್ರಾಪರ್ಟಿ ಪ್ರಕರಣದ ಪ್ರಶ್ನೆ. ಮಾಡಬಹುದು ಎಂದರು ನ್ಯಾಯಮೂರ್ತಿಗಳಾದ ಪಿ.ಎಸ್. ನರಸಿಂಹ ಮತ್ತು ಮನೋಜ್ ಮಿಶ್ರಾ. ಆದರೆ ಅದರ ತತ್ವ, ವಿಧಾನ, ಎದುರು ಪಕ್ಷದ ಅಹವಾಲು ಕೇಳುವ ಕ್ರಮ ಎಲ್ಲವನ್ನೂ ಮೊದಲು ನಿಯಮವಾಗಿ ಬರೆಯಬೇಕು. ಅಧಿಕಾರವನ್ನೂ ಎತ್ತಿಹಿಡಿದು ಮೇರೆಯನ್ನೂ ಹಾಕಿದ ಈ ತೀರ್ಪನ್ನು ನಾನು ಮನಸಾರೆ ಸ್ವಾಗತಿಸುತ್ತೇನೆ. ಅಮೆರಿಕದ ಸುಪ್ರೀಂ ಕೋರ್ಟ್ 2024ರ ಜೂನ್‌ನಲ್ಲಿ ಹಿಡಿದ ದಾರಿ ಬೇರೆ. ಕಾಯ್ದೆ ಅಸ್ಪಷ್ಟವಾಗಿದ್ದಲ್ಲಿ ಕೇಂದ್ರದ ನಿಯಂತ್ರಣ ಸಂಸ್ಥೆ ಕೊಡುವ ಸಮಂಜಸ ಅರ್ಥವನ್ನು ಕೋರ್ಟು ಮನ್ನಿಸಬೇಕೆಂದು 1984ರ ಶೆವ್ರಾನ್ ತೀರ್ಪಿನಿಂದ ನಡೆದುಬಂದದ್ದನ್ನು ಅದು ಕೈಬಿಟ್ಟಿತು. ನಮ್ಮಂಥ ಕಡೆ ಹಾಗೆ ಮಂಡಳಿಯ ಕೈ ಕಟ್ಟಿದರೆ ಹಳ್ಳದ ದಂಡೆಯವರಿಗೆ ಬೇರೆ ಆಸರೆಯಿಲ್ಲ.

ಮೇರೆ ಮೀರಿದರೆ ಜನರಿಗೇ ನಷ್ಟ ಎನ್ನುವುದಕ್ಕೆ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ (ಟ್ರಾಯ್) ಪ್ರಕರಣವಿದೆ. ಮೊಬೈಲ್ ಕರೆ ಅರ್ಧಕ್ಕೆ ಕಡಿದರೆ ಕರೆಗೆ ಒಂದು ರೂಪಾಯಿಯಂತೆ ದಿನಕ್ಕೆ ಮೂರು ರೂಪಾಯಿವರೆಗೆ ಗ್ರಾಹಕನಿಗೆ ಕೊಡಬೇಕು ಎಂದು ಅದು 2015ರಲ್ಲಿ ನಿಯಮ ಮಾಡಿತು. ಒಳ್ಳೆಯ ಉದ್ದೇಶವೇ. ಆದರೆ ಅದು ಕಾಯ್ದೆಯ ಮೇರೆ ಮೀರಿದೆ, ಮನಸ್ಸಿಗೆ ಬಂದಂತೆ ಮಾಡಿದ್ದು ಎಂದು 2016ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ರದ್ದುಮಾಡಿತು. ನಿಯಮ ಮಾಡುವ ಮುನ್ನ ಜನರ ಅಭಿಪ್ರಾಯ ಕೇಳಿ ಕಾರಣ ಕೊಡುವುದನ್ನು ಕಡ್ಡಾಯ ಮಾಡುವ ಕಾನೂನು ತರಬೇಕೆಂದು ಸಂಸತ್ತಿಗೆ ಸೂಚಿಸಿತು ಕೂಡ.

ಕೇಳುವುದು ಯಾವ ಭಾಷೆಯಲ್ಲಿ? 2020ರಲ್ಲಿ ಪರಿಸರ ಪರಿಣಾಮ ಅಧ್ಯಯನದ ಹೊಸ ಕರಡು ಅಧಿಸೂಚನೆ ಇಂಗ್ಲಿಷ್, ಹಿಂದಿಯಲ್ಲಷ್ಟೇ ಬಂತು. ಸಂವಿಧಾನದ ಎಂಟನೆಯ ಪರಿಚ್ಛೇದದ ಎಲ್ಲ ಭಾಷೆಗಳಲ್ಲೂ ಕೊಡಿ ಎಂದು ದೆಹಲಿ ಹೈಕೋರ್ಟ್ ಆದೇಶಿಸಿತು. ಕನ್ನಡಿಗರಿಗೆ ಕರಡು ಸರಿಯಾಗಿ ತಲುಪಿಲ್ಲವೆಂಬ ದೂರಿನ ಮೇಲೆ ಆಗಸ್ಟ್‌ನಲ್ಲಿ ಕರ್ನಾಟಕ ಹೈಕೋರ್ಟ್ ಅಂತಿಮ ಅಧಿಸೂಚನೆ ಹೊರಡದಂತೆ ಮಧ್ಯಂತರ ತಡೆ ಕೊಟ್ಟಿತು. ಕಾರ್ಖಾನೆಯ ಪಕ್ಕದ ಹೊಲದವನು ಓದಲಾಗದ ಕರಡಿಗೆ ಆಕ್ಷೇಪಣೆ ಆಹ್ವಾನಿಸಿದರೆ ಅವನನ್ನು ಕೇಳಿದಂತಾಗದು. ಈ ಮಾತು ನಮ್ಮ ಪತ್ರಿಕೆಗಳಲ್ಲಿ ಸುದ್ದಿಯಾಗಿ ಬಂದಷ್ಟು ಚರ್ಚೆಯಾಗಿ ಬೆಳೆಯಲಿಲ್ಲ.

ಮೇಲಿನ ಪ್ರಸಂಗಗಳಲ್ಲೆಲ್ಲ ತಡೆದದ್ದು, ತಿದ್ದಿದ್ದು ನ್ಯಾಯಾಲಯ. ಅಧಿಕಾರ ಕೊಟ್ಟ ಸದನ ಎಲ್ಲಿ ಹೋಯಿತು? ಕಾಯ್ದೆಯಡಿ ಮಾಡಿದ ನಿಯಮಗಳನ್ನು ಸದನದ ಮುಂದೆ ಮಂಡಿಸಬೇಕು ಎಂಬ ಕಲಮು ಬಹುತೇಕ ಕಾಯ್ದೆಗಳಲ್ಲಿದೆ. ಪರಿಶೀಲನೆಗೆಂದೇ ಲೋಕಸಭೆಯಲ್ಲಿ 1953ರಿಂದ ಸಮಿತಿಯಿದೆ, ನಮ್ಮ ವಿಧಾನಮಂಡಲಕ್ಕೂ ಅಧೀನ ಶಾಸನ ರಚನಾ ಸಮಿತಿಯಿದೆ. ವಿಜ್ಞಾನೇಶ್ವರ ಹೇಳಿದ ‘ನೇಮಕಗೊಂಡವರು’ ಇಂದು ಇವರೇ. ನಮ್ಮ ವಿಧಾನಮಂಡಲದ ಸಮಿತಿ ಒಮ್ಮೆ ಹುಮನಾಬಾದಿಗೆ ಬಂದು ಕೂರಲಿ. ಹಾನಿ ಪರಿಹಾರದ ನಿಯಮ ಬರೆದಾಗಿದೆಯೇ, ಅದರ ಕನ್ನಡ ಪ್ರತಿ ಗ್ರಾಮ ಪಂಚಾಯಿತಿಗೆ ಬಂದಿದೆಯೇ, ಮಾದರಿ ತೆಗೆಯುವವರಿಗೆ 21ನೆಯ ಕಲಮು ಗೊತ್ತಿದೆಯೇ ಎಂದು ಊರಿನವರೆದುರು ಕೇಳಲಿ. ಹುಮನಾಬಾದ್, ಬಸವಕಲ್ಯಾಣ ಕಡೆಯ ಓದುಗರು ತಾವು ಕೊಟ್ಟ ದೂರು, ತಮಗೆ ಬಂದ ಉತ್ತರದ ಪ್ರತಿಗಳನ್ನು ನಮಗೆ ಕಳಿಸಬೇಕೆಂದು ಕೋರುತ್ತೇನೆ. ಹೆಸರುಗಳನ್ನು ಬಿಟ್ಟು, ತಾರೀಖುಗಳನ್ನು ಉಳಿಸಿಕೊಂಡು, ಸಮಿತಿಗೆ ಬರೆದ ಪತ್ರದ ಜೊತೆ ಅವನ್ನು ಮುಂದಿನ ಸಂಚಿಕೆಯಲ್ಲಿ ಅಚ್ಚು ಹಾಕುತ್ತೇವೆ.